ಹೆಸರಿದ್ದ ಸನ್ನಿ, ಹೆಸರಿಲ್ಲದ ಸಂಕಟ

ಕನ್ನಡದ ಮನೆಗಳಲ್ಲಿ ‘ಬಾಣಂತಿ ಸನ್ನಿ’ ಎಂಬ ಮಾತನ್ನು ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ. ಅಜ್ಜಿಯಂದಿರು ಹೊಸ ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿಸಿ, ಹಸಿ ಮೈಗೆ ಗಾಳಿ ತಾಗಬಾರದು ಎಂದು ಗದರುತ್ತಿದ್ದುದರ ಹಿಂದೆ ಇದ್ದದ್ದು ಈ ಕಾಯಿಲೆಯ ಭಯ. ‘ಸನ್ನಿ’ ಎಂಬುದು ‘ಸನ್ನಿಪಾತ’ದ ಮೊಟಕು ರೂಪ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿ, ಜ್ವರ ಏರಿ, ರೋಗಿ ಬಡಬಡಿಸತೊಡಗುವ ಸ್ಥಿತಿಗೆ ಹಳೆಯ ವೈದ್ಯರು ಇಟ್ಟ ಹೆಸರು ಅದು.

ಆ ಒಂದು ಹೆಸರಿನೊಳಗೆ ಎರಡು ಕಾಯಿಲೆಗಳು ಸೇರಿಕೊಂಡಿದ್ದವು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಗರ್ಭಕೋಶಕ್ಕೆ ನಂಜೇರಿ, ಜ್ವರದ ತಾಪಕ್ಕೆ ಬುದ್ಧಿ ತಪ್ಪಿ ಸತ್ತ ಬಾಣಂತಿಯರು ಲೆಕ್ಕವಿಲ್ಲದಷ್ಟು. ಅದು ಮೊದಲನೆಯದು. ಜ್ವರವೇ ಇಲ್ಲದೆ, ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನಕ್ಕೆ ನಿದ್ದೆ ಬಿಟ್ಟು, ಮಾತು ಹೆಚ್ಚಾಗಿ, ‘ಈ ಮಗು ನನ್ನದಲ್ಲ, ಬದಲಾಯಿಸಿದ್ದಾರೆ’ ಎನ್ನತೊಡಗುವುದು ಎರಡನೆಯದು. ಆಸ್ಪತ್ರೆ ಹೆರಿಗೆ ಮತ್ತು ಆ್ಯಂಟಿಬಯಾಟಿಕ್‌ಗಳು ಬಂದ ಮೇಲೆ ಮೊದಲನೆಯದು ಬಹುಮಟ್ಟಿಗೆ ತಗ್ಗಿತು. ಎರಡನೆಯದು ಹಾಗೆಯೇ ಉಳಿಯಿತು. ಸಾವಿರ ಹೆರಿಗೆಗೆ ಒಬ್ಬರು ಇಲ್ಲವೇ ಇಬ್ಬರು ಎಂಬುದು ಪ್ರಪಂಚದಾದ್ಯಂತ ವೈದ್ಯರು ಕೊಡುವ ಲೆಕ್ಕ. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಹೆರಿಗೆಗಳಾಗುತ್ತವೆ. ಅಂದರೆ ಇದೊಂದೇ ರಾಜ್ಯದಲ್ಲಿ ಪ್ರತಿ ವರ್ಷ ಒಂದರಿಂದ ಎರಡು ಸಾವಿರ ಹೆಣ್ಣುಮಕ್ಕಳು.

ಹೆರಿಗೆಗೂ ಈ ಕಾಯಿಲೆಗೂ ಇರುವ ನಂಟು ಎಷ್ಟು ಬಿಗಿಯಾದದ್ದು ಎಂಬುದನ್ನು ತೋರಿಸಿದ್ದು ಎಡಿನ್‌ಬರೋದ ಒಂದು ಅಧ್ಯಯನ. ಕೆಂಡೆಲ್ ಮತ್ತು ಅವರ ಸಂಗಡಿಗರು 12 ವರ್ಷಗಳಲ್ಲಿ ಆ ನಗರದಲ್ಲಾದ 54,087 ಹೆರಿಗೆಗಳ ದಾಖಲೆಯನ್ನು ಮನೋರೋಗ ಆಸ್ಪತ್ರೆಗಳ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. 1987ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಹೆರಿಗೆಯಾದ ಮೊದಲ 30 ದಿನಗಳಲ್ಲಿ ಹೆಣ್ಣೊಬ್ಬಳು ತೀವ್ರ ಮನೋವಿಕಲತೆಯಿಂದ ಆಸ್ಪತ್ರೆ ಸೇರುವ ಸಂಭವ ಬಸಿರಿಗೆ ಮುಂಚಿನ ಕಾಲಕ್ಕಿಂತ ಸುಮಾರು 22 ಪಟ್ಟು. ಚೊಚ್ಚಲ ಹೆರಿಗೆಯಲ್ಲಿ ಇನ್ನೂ ಹೆಚ್ಚು. ಹೆಣ್ಣಿನ ಇಡೀ ಬದುಕಿನಲ್ಲಿ ಮನಸ್ಸು ಇಷ್ಟು ತೆಳುವಾದ ಅಂಚಿನ ಮೇಲೆ ನಿಲ್ಲುವ ತಿಂಗಳು ಇನ್ನೊಂದಿಲ್ಲ.

ಆದರೂ ಸನ್ನಿಗೆ ಹೆಸರಾದರೂ ಇತ್ತು. ಕೂಗುವ, ಓಡುವ, ಮಗುವನ್ನು ದೂಡುವ ಬಾಣಂತಿಯನ್ನು ಮನೆಯವರು ನೋಡದೆ ಇರಲಾರರು. ಮಂತ್ರವಾದಿಯ ಬಳಿಗೋ ದರ್ಗಾಕ್ಕೋ ಆಸ್ಪತ್ರೆಗೋ ಅಂತೂ ಎಲ್ಲಿಗಾದರೂ ಕರೆದೊಯ್ಯುತ್ತಾರೆ. ಹೆಸರೇ ಇಲ್ಲದ ಇನ್ನೊಂದು ಕಾಯಿಲೆ ಅದಕ್ಕಿಂತ ನೂರು ಪಟ್ಟು ಹೆಚ್ಚು ಮನೆಗಳಲ್ಲಿದೆ. ಆ ಮನೆಯ ಬಾಣಂತಿ ಕೂಗುವುದಿಲ್ಲ. ಮಗುವಿಗೆ ಹಾಲೂಡಿಸುತ್ತಾಳೆ, ಕೊಟ್ಟ ಸಾರನ್ನ ಉಣ್ಣುತ್ತಾಳೆ, ನೆಂಟರು ತೊಟ್ಟಿಲು ನೋಡಲು ಬಂದರೆ ಎದ್ದು ಕೂರುತ್ತಾಳೆ. ಕೇಳಿದರೆ ‘ಮೈಯಲ್ಲಿ ಶಕ್ತಿ ಇಲ್ಲ’, ‘ತಲೆ ಭಾರ’, ‘ಯಾಕೋ ಬೇಜಾರು’ ಎನ್ನುತ್ತಾಳೆ. ಮಗುವಿನ ಮುಖ ನೋಡಿದರೆ ಏನೂ ಅನ್ನಿಸುವುದಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಅದನ್ನು ಹೇಳಿದ ಹೆಣ್ಣನ್ನು ಏನೆಂದು ಕರೆಯುತ್ತಾರೆ ಎಂಬುದು ಅವಳಿಗೆ ಗೊತ್ತು.

ಇದನ್ನು ವೈದ್ಯರು ಪ್ರಸವಾನಂತರದ ಖಿನ್ನತೆ ಎನ್ನುತ್ತಾರೆ. ಹೆರಿಗೆಯಾದ ಮೂರು ನಾಲ್ಕನೆಯ ದಿನ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬರುವ ಅಳು, ಕಿರಿಕಿರಿಯೇ ಬೇರೆ. ಅದು ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ಹೋಗುತ್ತದೆ, ಔಷಧ ಬೇಡ, ಒಂದು ರಾತ್ರಿಯ ನಿದ್ದೆ ಮತ್ತು ಪಕ್ಕದಲ್ಲೊಬ್ಬರು ಇದ್ದರೆ ಸಾಕು. ಖಿನ್ನತೆ ಹೋಗುವುದಿಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳ, 20,043 ತಾಯಂದಿರ ಅಂಕಿಅಂಶಗಳನ್ನು ಒಟ್ಟುಗೂಡಿಸಿದ ಒಂದು ಪರಿಶೀಲನೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ನೂರಕ್ಕೆ 22 ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಐದು ಬಾಣಂತಿ ಕೋಣೆಗಳಲ್ಲಿ ಒಂದು.

ಇದು ಹೇಗೆ ಬರುತ್ತದೆ, ಯಾರಿಗೆ ಬರುತ್ತದೆ ಎಂಬುದಕ್ಕೆ ನಮ್ಮ ನೆರೆಯ ಗೋವಾ ಒಳ್ಳೆಯ ಸಾಕ್ಷಿ. ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ತಪಾಸಣೆಗೆ ಬಂದ 270 ಗರ್ಭಿಣಿಯರನ್ನು ಹೆರಿಗೆಯ ನಂತರವೂ ಹಿಂಬಾಲಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಆರರಿಂದ ಎಂಟು ವಾರದ ಹೊತ್ತಿಗೆ ನೂರಕ್ಕೆ 23 ಮಂದಿಗೆ ಖಿನ್ನತೆ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ. ಬಡತನ, ಗಂಡನೊಂದಿಗೆ ಹದಗೆಟ್ಟ ಸಂಬಂಧ, ಹೊಡೆತ, ಹಸಿವು ಇವೆಲ್ಲ ಕಾರಣಗಳ ಪಟ್ಟಿಯಲ್ಲಿದ್ದವು. ಹುಟ್ಟಿದ ಮಗು ಹೆಣ್ಣೋ ಗಂಡೋ ಎಂಬುದೂ ಇತ್ತು. ಹೊಡೆಯುವ ಗಂಡನ ಮನೆಯಲ್ಲಿ ಹೆಣ್ಣು ಹೆತ್ತವಳ ಪಾಡು ಗಂಡು ಹೆತ್ತವಳ ಪಾಡಿಗಿಂತ ಬೇರೆ.

ಆ ವರದಿಯಲ್ಲಿ ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ಅಂಶವಿದೆ. ಹೆರಿಗೆಯ ನಂತರ ಖಿನ್ನತೆ ಕಂಡುಬಂದ ತಾಯಂದಿರಲ್ಲಿ ನೂರಕ್ಕೆ 78 ಮಂದಿ ಬಸಿರಿನಲ್ಲೇ ಮನಸ್ಸಿನ ಗಣನೀಯ ತೊಂದರೆಯಲ್ಲಿದ್ದರು. ಅಂದರೆ ‘ಪ್ರಸವಾನಂತರ’ ಎಂಬ ಹೆಸರೇ ಅರ್ಧ ತಪ್ಪು. ಸೀಮಂತದ ದಿನ ಹಸಿರು ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು, ಫೋಟೊಗೆ ನಕ್ಕು ಕುಳಿತವಳಿಗೆ ಕಾಯಿಲೆ ಆಗಲೇ ಶುರುವಾಗಿರುತ್ತದೆ. ಬಯಕೆ ಏನೆಂದು ಕೇಳುವವರು ಹತ್ತು ಜನ ಇರುತ್ತಾರೆ. ಮನಸ್ಸು ಹೇಗಿದೆ ಎಂದು ಕೇಳುವವರು ಸಿಗುವುದು ಕಷ್ಟ.

ಮಗುವಿನ ಮೇಲೂ ಇದರ ನೆರಳು ಬೀಳುತ್ತದೆ. ಗೋವಾದ ಅದೇ ತಂಡ ಮರುವರ್ಷ ತೋರಿಸಿದಂತೆ, ಖಿನ್ನತೆಯಿದ್ದ ತಾಯಂದಿರ ಮಕ್ಕಳು ಆರು ತಿಂಗಳಲ್ಲಿ ತೂಕ ಕಡಿಮೆಯಾಗಿ ಸೊರಗುವುದು ಉಳಿದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಾಲು ಕಡಿಮೆಯಾಗುವುದು, ಚುಚ್ಚುಮದ್ದು ತಪ್ಪುವುದು, ಭೇದಿಯಾದಾಗ ಸಮಯಕ್ಕೆ ಗಮನಿಸದಿರುವುದು ಇವೆಲ್ಲ ಸೇರಿ ಆಗುವ ಕೆಲಸ ಅದು. ಅಪೌಷ್ಟಿಕತೆಗೆ ಅಂಗನವಾಡಿಯಲ್ಲಿ ತಕ್ಕಡಿ ಹಿಡಿಯುವ ನಾವು ತೊಟ್ಟಿಲಿನ ಪಕ್ಕದಲ್ಲಿ ಗೋಡೆ ನೋಡುತ್ತ ಕುಳಿತವಳನ್ನು ಆ ತೂಕದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಹೆಸರಿಲ್ಲದ ಈ ಸಂಕಟಕ್ಕೆ ಅಳತೆಗೋಲು ಸಿಕ್ಕಿದ್ದು ಹೇಗೆ ಎಂಬ ಕಥೆ ಆಫ್ರಿಕಾದಲ್ಲಿ ಶುರುವಾಗುತ್ತದೆ. ಜಾನ್ ಕಾಕ್ಸ್ ಎಂಬ ಬ್ರಿಟಿಷ್ ಮನೋವೈದ್ಯ 1970ರ ದಶಕದಲ್ಲಿ ಉಗಾಂಡದ ಹಳ್ಳಿಗಾಡಿನ ಗರ್ಭಿಣಿಯರ ನಡುವೆ ಕೆಲಸ ಮಾಡಿದರು. ಅಲ್ಲಿನ ಜನರಲ್ಲಿ ‘ಅಮಾಕಿರೊ’ ಎಂಬ ಮಾತಿತ್ತು. ಹೆರಿಗೆಯ ನಂತರ ಹೆಣ್ಣಿಗೆ ಬುದ್ಧಿ ಕೆಟ್ಟು ಮಗುವಿಗೇ ಕೇಡು ಬಗೆಯುವ ಸ್ಥಿತಿ ಅದು. ಬಸುರಿನಲ್ಲಿ ಹೆಣ್ಣು ದಾರಿ ತಪ್ಪಿದ್ದರಿಂದ ಬರುತ್ತದೆ ಎಂಬುದು ಅಲ್ಲಿನ ನಂಬಿಕೆ. ನಮ್ಮ ‘ಸನ್ನಿ’ಯ ಒಡಹುಟ್ಟಿದ ಪದ, ಆದರೆ ಆರೋಪವನ್ನೂ ಹೊತ್ತ ಪದ. ಕಾಯಿಲೆಯ ಹೆಸರಿನಲ್ಲೇ ಅಪವಾದ ಅಡಗಿದ್ದರೆ ಹೆಣ್ಣು ಬಾಯಿ ಬಿಡುವುದು ಹೇಗೆ? ಕಾಕ್ಸ್ ಸ್ಕಾಟ್ಲೆಂಡಿಗೆ ಮರಳಿದ ಮೇಲೆ ಜೆನಿಫರ್ ಹೋಲ್ಡನ್ ಮತ್ತು ರೂತ್ ಸಗೋವ್‌ಸ್ಕಿ ಜೊತೆಗೂಡಿ ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಸಿದ್ಧಪಡಿಸಿದರು. 1987ರಲ್ಲಿ ಪ್ರಕಟವಾದ ಆ ‘ಎಡಿನ್‌ಬರೋ ಮಾಪಕ’ ಇಂದು ಹತ್ತಾರು ಭಾಷೆಗಳಲ್ಲಿದೆ.

ಅದರ ಜಾಣತನ ಇರುವುದು ಅದು ಏನನ್ನು ಕೇಳುವುದಿಲ್ಲ ಎಂಬುದರಲ್ಲಿ. ಸುಸ್ತಾಗುತ್ತದೆಯೇ, ಹಸಿವು ಕಡಿಮೆಯೇ ಎಂದು ಅದು ಕೇಳುವುದಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಹಾಲೂಡಿಸುವ ಯಾವ ತಾಯಿ ತಾನೇ ಸುಸ್ತಿಲ್ಲ ಎಂದಾಳು? ಬದಲಿಗೆ ಕಳೆದ ಏಳು ದಿನಗಳಲ್ಲಿ ನಗು ಬಂದಿತ್ತೇ, ಏನನ್ನಾದರೂ ಎದುರು ನೋಡಿ ಖುಷಿಪಟ್ಟಿದ್ದುಂಟೇ, ಕಾರಣವಿಲ್ಲದೆ ತನ್ನದೇ ತಪ್ಪೆಂದು ಹಳಿದುಕೊಂಡದ್ದುಂಟೇ, ದುಃಖದಿಂದಾಗಿ ನಿದ್ದೆ ಕೆಟ್ಟಿದ್ದುಂಟೇ ಎಂಬ ಬಗೆಯ ಪ್ರಶ್ನೆಗಳಿವೆ. ಹತ್ತನೆಯದು ಸಾಯುವ, ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಯ ಬಗೆಗೆ. ಒಟ್ಟು ಅಂಕ 30. ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಇದರ ಕನ್ನಡ ರೂಪವನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 13 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ವೈದ್ಯರು ಕೂಲಂಕಷವಾಗಿ ನೋಡಬೇಕು ಎಂದು ಅದು ಸೂಚಿಸಿತು. ಕೇಳಿ ಮುಗಿಸಲು ಹತ್ತು ನಿಮಿಷ ಬೇಡ. ಓದು ಬಾರದವರಿಗೆ ಓದಿ ಹೇಳಬಹುದು.

ಯಾರು ಕೇಳಬೇಕು? ಈ ಕೆಲಸಕ್ಕೆ ಹೊಸ ಹುದ್ದೆ ಹುಟ್ಟಿಸಬೇಕಾಗಿಲ್ಲ. ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆರು ಸಲ ಹೋಗಬೇಕೆಂಬುದು ಸರ್ಕಾರದ ನವಜಾತ ಶಿಶು ಆರೈಕೆಯ ನಿಯಮ: 3, 7, 14, 21, 28 ಮತ್ತು 42ನೆಯ ದಿನ. ಈ ದಿನಗಳನ್ನು ಮನೋವೈದ್ಯರ ಕಣ್ಣಿನಿಂದ ಒಮ್ಮೆ ನೋಡಬೇಕು. ಸನ್ನಿ ತಲೆ ಎತ್ತುವುದು ಹೆಚ್ಚಾಗಿ ಮೂರರಿಂದ ಹದಿನಾಲ್ಕನೆಯ ದಿನದೊಳಗೆ. ಖಿನ್ನತೆ ಸ್ಪಷ್ಟವಾಗಿ ಕಾಣಿಸುವುದು ಆರನೆಯ ವಾರದ ಹೊತ್ತಿಗೆ. ಮಗುವಿನ ಹೊಕ್ಕುಳು, ತೂಕ, ಉಸಿರು ನೋಡಲೆಂದು ಗೊತ್ತುಮಾಡಿದ ದಿನಗಳು ತಾಯಿಯ ಮನಸ್ಸನ್ನು ನೋಡಲೂ ಸರಿಯಾದ ದಿನಗಳೇ. ಅದೇ ಹೊಸ್ತಿಲು, ಅದೇ ಚಾಪೆ, ಅದೇ ಕಾರ್ಯಕರ್ತೆ. ತಾಯಿ ಕಾರ್ಡಿನಲ್ಲಿ ರಕ್ತದೊತ್ತಡಕ್ಕೂ ಹಿಮೋಗ್ಲೋಬಿನ್‌ಗೂ ಸಿಗುವ ಮರ್ಯಾದೆ ಈ ಹತ್ತು ಪ್ರಶ್ನೆಗಳಿಗೂ ಸಿಗಬೇಕು ಎಂಬುದು ಈ ಉಪನ್ಯಾಸದ ಒಂದು ಬೇಡಿಕೆ. ಆ ದುಡಿಮೆಗೆ ತಕ್ಕ ಸಂಬಳವನ್ನೂ ಆಕೆಗೆ ಕೊಡಬೇಕು.

ಊರಿನ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯಿಂದ ಮನಸ್ಸಿನ ಚಿಕಿತ್ಸೆ ಆದೀತೇ ಎಂದು ಅನುಮಾನಿಸುವವರು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳ ಕಡೆ ನೋಡಬೇಕು. ಅತೀಫ್ ರಹಮಾನ್ ಎಂಬ ಮನೋವೈದ್ಯರು ಅಲ್ಲಿನ ‘ಲೇಡಿ ಹೆಲ್ತ್ ವರ್ಕರ್’ಗಳಿಗೆ, ಅಂದರೆ ನಮ್ಮ ಆಶಾಗಳಂಥವರಿಗೆ, ಕೆಲವೇ ದಿನಗಳ ತರಬೇತಿ ಕೊಟ್ಟರು. ಖಿನ್ನತೆಯಿದ್ದ 903 ಗರ್ಭಿಣಿಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನ ಮನೆಗಳಿಗೆ ಕಾರ್ಯಕರ್ತೆ ಹೋಗಿ ಮಾಮೂಲಿನಂತೆ ಮಾತಾಡಿ ಬಂದಳು. ಇನ್ನೊಂದು ಗುಂಪಿನಲ್ಲಿ ಅವಳು ಬಸಿರಿನ ಕೊನೆಯ ತಿಂಗಳಿಂದ ಹಿಡಿದು ಮಗುವಿಗೆ ಹತ್ತು ತಿಂಗಳಾಗುವವರೆಗೆ, ಚಿತ್ರಗಳ ಪುಸ್ತಕ ಹಿಡಿದು, ಕೆಟ್ಟ ಯೋಚನೆಯನ್ನು ಗುರುತಿಸುವುದು, ಅದರ ಜಾಗದಲ್ಲಿ ಇನ್ನೊಂದನ್ನು ತಂದುಕೊಳ್ಳುವುದು, ದಿನಕ್ಕೊಂದು ಸಣ್ಣ ಕೆಲಸ ಮಾಡಿ ನೋಡುವುದು ಇವನ್ನು ಕಲಿಸಿದಳು. ಮಗುವಿಗೆ ಆರು ತಿಂಗಳಾದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 53 ಮಂದಿ ಇನ್ನೂ ಖಿನ್ನರಾಗಿದ್ದರು. ಎರಡನೆಯದರಲ್ಲಿ 23. ಈ ಫಲಿತಾಂಶ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ಈ ಪದ್ಧತಿಯನ್ನು ಎತ್ತಿಕೊಂಡು ಕೈಪಿಡಿಯಾಗಿ ಹೊರತಂದಿತು. ಅಲ್ಲಿನ ಕಾರ್ಯಕರ್ತೆಯರು ಮನೆಗೆ ಹೋದಾಗ ‘ನಿನಗೆ ಮನೋರೋಗವಿದೆ’ ಎನ್ನಲಿಲ್ಲ. ಮಗು ಚೆನ್ನಾಗಿ ಬೆಳೆಯಲು ಏನು ಮಾಡಬಹುದು ಎಂದು ಮಾತು ತೆಗೆದರು. ಅತ್ತೆಯೂ ಬಂದು ಪಕ್ಕದಲ್ಲಿ ಕೂರುವಂಥ ಮಾತು ಅದು.

ಅತ್ತೆ ಎಂದಾಗ ಬಾಣಂತನದ ಬಗ್ಗೆಯೂ ಒಂದಿಷ್ಟು ಹೇಳಲೇಬೇಕು. ಅದನ್ನು ಮೂಢನಂಬಿಕೆಯೆಂದು ಒಟ್ಟಾರೆ ತಳ್ಳಿಹಾಕುವವರಿದ್ದಾರೆ, ಋಷಿಗಳ ವಿಜ್ಞಾನವೆಂದು ತಲೆ ಮೇಲೆ ಹೊರುವವರೂ ಇದ್ದಾರೆ. ಎರಡೂ ಅವಸರದ ಮಾತು. ತವರಿನ ಕೋಣೆ, ಹಂಡೆಯ ಬಿಸಿನೀರು, ಎಣ್ಣೆ ನೀವಿ ಎರೆಯುವ ಕೈ, ಸಾಂಬ್ರಾಣಿ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು, ಅಂಟಿನುಂಡೆ. ಎಲ್ಲಕ್ಕಿಂತ ಮಿಗಿಲಾಗಿ ‘ನೀನು ಮಲಗು, ಮಗು ನಾನು ನೋಡ್ಕೋತೀನಿ’ ಎನ್ನುವ ಅಮ್ಮ. ನಿದ್ದೆಗೇಡು ಸನ್ನಿಯನ್ನು ಕೆಣಕುವ ದೊಡ್ಡ ಕಾರಣಗಳಲ್ಲೊಂದು ಎಂಬುದನ್ನು ಬಲ್ಲವರಿಗೆ ಆ ಒಂದು ಮಾತಿನ ಬೆಲೆ ಗೊತ್ತು. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಸಂದರ್ಶಕ ವೀಸಾದಲ್ಲಿ ಅಂಟಿನುಂಡೆಯ ಡಬ್ಬಿ ಹೊತ್ತು ಹೋಗುವ ಮೈಸೂರು, ಧಾರವಾಡದ ಅಮ್ಮಂದಿರು ಒಯ್ಯುವುದೂ ಅದನ್ನೇ. ಆರು ತಿಂಗಳು ತುಂಬಿ ಅವರು ವಿಮಾನ ಹತ್ತಿದ ದಿನದಿಂದ ಆ ಮನೆಯಲ್ಲಿ ರಾತ್ರಿ ಎದ್ದು ಕೂರುವವಳು ಮಗಳೊಬ್ಬಳೇ. ಇಲ್ಲಿಯೂ ಮೂರನೆಯ ಅಥವಾ ಐದನೆಯ ತಿಂಗಳು ಗಂಡನ ಮನೆಗೆ ಮರಳಿದ ಸೊಸೆಯ ಪಾಡು ಅದೇ. ಬಾಣಂತನ ಮುಗಿಯಿತು ಎಂದು ಎಲ್ಲರೂ ಕೈ ತೊಳೆದುಕೊಂಡ ಮೇಲೆ ಕಾಯಿಲೆ ಬೆಳೆಯಲು ಬೇಕಾದಷ್ಟು ಜಾಗ ಸಿಗುತ್ತದೆ.

ಇದೇ ಬಾಣಂತನದೊಳಗೆ ಅಪಾಯವೂ ಇದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಬಾಣಂತಿಗೆ ನೀರು ಅಳೆದು ಕೊಡುವ ಮನೆಗಳು ಈಗಲೂ ಇವೆ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ನೀರಿಲ್ಲದೆ ಒಣಗಿದರೆ ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವ ಸಂಭವ ಏರುತ್ತದೆ. ತಲೆನೋವು, ಫಿಟ್ಸ್, ತಡಬಡ ಮಾತು, ಗೊಂದಲ. ನೋಡಿದವರು ಸನ್ನಿ ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ. ಹೀಗಾಗಿ ಬಾಣಂತಿಯ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮನೋವೈದ್ಯರು ಮೊದಲು ಮೈಯನ್ನೇ ಶೋಧಿಸುತ್ತಾರೆ: ಜ್ವರವಿದೆಯೇ, ರಕ್ತದೊತ್ತಡ ಎಷ್ಟು, ಥೈರಾಯ್ಡ್ ಹೇಗಿದೆ, ಮಿದುಳಿನ ಚಿತ್ರ ಏನು ಹೇಳುತ್ತದೆ. ಹಳೆಯ ‘ಸನ್ನಿ’ಯೊಳಗಿದ್ದ ಎರಡು ಕಾಯಿಲೆಗಳನ್ನು ಬಿಡಿಸಿ ನೋಡುವ ಕೆಲಸ ಇಂದಿಗೂ ಚಿಕಿತ್ಸೆಯ ಮೊದಲ ಮೆಟ್ಟಿಲು.

ಇನ್ನೊಂದು ಬಿಡಿಸಿ ನೋಡುವಿಕೆಯೂ ಅಷ್ಟೇ ಮುಖ್ಯ. ಕೆಲವು ತಾಯಂದಿರಿಗೆ ಈಳಿಗೆ ಮಣೆ ಕಂಡರೆ ಮಗುವಿಗೆ ತಾಗಿಸಿಬಿಟ್ಟೆನೇನೋ, ಬಾಲ್ಕನಿಗೆ ಹೋದರೆ ಕೈಜಾರಿ ಬಿಟ್ಟೆನೇನೋ ಎಂಬ ಯೋಚನೆ ಮೇಲಿಂದ ಮೇಲೆ ನುಗ್ಗುತ್ತದೆ. ಅದು ಗೀಳು. ಆ ತಾಯಿ ಆ ಯೋಚನೆಗೆ ಹೆದರಿ ನಡುಗುತ್ತಾಳೆ, ಚಾಕುಗಳನ್ನೆಲ್ಲ ಅಡಗಿಸಿಡುತ್ತಾಳೆ, ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಡುತ್ತಾಳೆ. ಅವಳಿಂದ ಮಗುವಿಗೆ ಅಪಾಯವಿಲ್ಲ. ಆದರೆ ಮಗು ಶಾಪಗ್ರಸ್ತ, ಅದನ್ನು ‘ಬಿಡುಗಡೆ’ ಮಾಡಬೇಕು ಎಂದು ದೃಢವಾಗಿ ನಂಬಿದವಳ ವಿಷಯ ಬೇರೆ. ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಕೂಡದು, ಆ ದಿನವೇ ಆಸ್ಪತ್ರೆ ಸೇರಿಸಬೇಕು. ಇಬ್ಬರನ್ನೂ ಒಂದೇ ಎಂದು ಬಗೆದರೆ ಮೊದಲನೆಯವಳಿಗೆ ಅನ್ಯಾಯ, ಎರಡನೆಯವಳ ಮಗುವಿಗೆ ಆಪತ್ತು.

ಆಸ್ಪತ್ರೆ ಸೇರಿಸಿದರೆ ಮಗು ಎಲ್ಲಿರಬೇಕು? ಬಹುಕಾಲ ಇದು ಪ್ರಶ್ನೆಯೇ ಆಗಿರಲಿಲ್ಲ. ತಾಯಿ ಹುಚ್ಚಾಸ್ಪತ್ರೆಗೆ, ಮಗು ಅಜ್ಜಿಯ ಮನೆಗೆ. 1858ರಷ್ಟು ಹಿಂದೆಯೇ ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ ಗರ್ಭಿಣಿಯರ, ಬಾಣಂತಿಯರ, ಹಾಲೂಡುವ ತಾಯಂದಿರ ಮನೋರೋಗಗಳ ಮೇಲೆ ಇಡೀ ಗ್ರಂಥವನ್ನೇ ಬರೆದಿದ್ದರೂ ತಾಯಿ ಮಗುವನ್ನು ಒಟ್ಟಿಗೆ ಇರಿಸುವ ಯೋಚನೆ ಬರಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. 1948ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಟಾಮ್ ಮೇನ್ ಎಂಬ ವೈದ್ಯರು ತಾಯಿಯೊಬ್ಬಳನ್ನು ಅವಳ ಪುಟ್ಟ ಮಗುವಿನೊಂದಿಗೇ ದಾಖಲು ಮಾಡಿಕೊಂಡರು. ಮುಂದಿನ ದಶಕಗಳಲ್ಲಿ ಬ್ರಿಟನ್ನಿನಲ್ಲಿ ತಾಯಿ–ಮಗು ಘಟಕಗಳು ಒಂದೊಂದಾಗಿ ತೆರೆದವು.

ಭಾರತದ ಮೊದಲ ಇಂಥ ಘಟಕ ತೆರೆದದ್ದು ನಮ್ಮದೇ ಬೆಂಗಳೂರಿನಲ್ಲಿ. ನಿಮ್ಹಾನ್ಸ್‌ನಲ್ಲಿ 2009ರಲ್ಲಿ, ಡಾ. ಪ್ರಭಾ ಚಂದ್ರ ಅವರ ಮುಂದಾಳುತನದಲ್ಲಿ, ಐದು ಹಾಸಿಗೆಗಳೊಂದಿಗೆ. ಬ್ರಿಟನ್ನಿನ ಮಾದರಿಯಲ್ಲಿ ಮಗುವನ್ನು ನೋಡಿಕೊಳ್ಳಲು ವಿಶೇಷ ತರಬೇತಿಯ ದಾದಿಯರಿರುತ್ತಾರೆ. ಇಲ್ಲಿ ಅಷ್ಟು ದಾದಿಯರಿಲ್ಲ. ಆದರೆ ಇಲ್ಲಿ ಅಮ್ಮ ಇದ್ದಾಳೆ, ಅತ್ತೆ ಇದ್ದಾಳೆ, ಅಕ್ಕ ಇದ್ದಾಳೆ. ಹೀಗಾಗಿ ಮನೆಯ ಹೆಂಗಸೊಬ್ಬರು ತಾಯಿ ಮಗುವಿನೊಂದಿಗೆ ವಾರ್ಡಿನಲ್ಲೇ ಉಳಿಯುವ ಏರ್ಪಾಟಾಯಿತು. 1950ರ ದಶಕದಲ್ಲಿ ಅಮೃತಸರದ ಮನೋರೋಗ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಅಂಗಳದ ಗುಡಾರಗಳಲ್ಲಿ ಇರಿಸಿಕೊಂಡದ್ದು, ನಂತರ ವೆಲ್ಲೂರಿನಲ್ಲೂ ನಿಮ್ಹಾನ್ಸ್‌ನಲ್ಲೂ ಕುಟುಂಬ ವಾರ್ಡುಗಳು ಬಂದದ್ದು, ಇದು ಆ ಹಾದಿಯದೇ ಮುಂದುವರಿಕೆ. ಕೊರತೆಯಿಂದ ಹುಟ್ಟಿದ ಏರ್ಪಾಟು ಹೌದು. ಆದರೆ ಮನೆಗೆ ಮರಳಿದ ಮೇಲೆ ತಾಯಿಯ ಗುಳಿಗೆ, ನಿದ್ದೆ, ಮರುಕಳಿಕೆಯ ಗುರುತು ಎಲ್ಲವನ್ನೂ ನೋಡಬೇಕಾದವರು ವಾರ್ಡಿನಲ್ಲೇ ಕಲಿತು ಹೋಗುತ್ತಾರೆ. ಅದನ್ನು ಯಾವ ದಾದಿಯೂ ಮನೆಗೆ ಬಂದು ಕೊಡಲಾರಳು.

ಇಂಥ ವಾರ್ಡಿಗೆ ಬರುವ ತಾಯಂದಿರು ಕೆಲವೊಮ್ಮೆ ಕಲ್ಲಿನಂತೆ ಕೂತಿರುತ್ತಾರೆ. ಮಾತಿಲ್ಲ, ಊಟವಿಲ್ಲ, ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತದೆ. ‘ಕೆಟಟೋನಿಯ’ ಎಂಬ ಈ ಸ್ಥಿತಿ ನೋಡಿದವರ ಎದೆ ನಡುಗಿಸುತ್ತದೆ, ಆದರೆ ಚಿಕಿತ್ಸೆಗೆ ಬೇಗ ಮಣಿಯುವುದೂ ಅದೇ. ಲೊರಾಜೆಪಾಮ್, ಅದಕ್ಕೂ ಜಗ್ಗದಿದ್ದರೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ. ಸಿನಿಮಾಗಳು ಈ ಚಿಕಿತ್ಸೆಗೆ ಅಂಟಿಸಿದ ಕೆಟ್ಟ ಹೆಸರನ್ನು ತೊಳೆಯುವುದು ಕಷ್ಟ. ಬಾಣಂತಿಯರಲ್ಲಿ, ಅಗತ್ಯಬಿದ್ದರೆ ಗರ್ಭಿಣಿಯರಲ್ಲೂ, ಜೀವ ಉಳಿಸುವ ಚಿಕಿತ್ಸೆ ಅದು. ಜೊತೆಜೊತೆಗೇ ಮಗುವಿನ ಆರೈಕೆ ನಡೆಯುತ್ತಿರುತ್ತದೆ. ಎಷ್ಟೋ ಶಿಶುಗಳು ಬರುವಾಗಲೇ ಹಾಲಿಲ್ಲದೆ ಬತ್ತಿರುತ್ತವೆ, ಚುಚ್ಚುಮದ್ದು ತಪ್ಪಿರುತ್ತದೆ. ತಾಯಿ ಸ್ವಲ್ಪ ಸುಧಾರಿಸಿದೊಡನೆ ಮಗುವನ್ನು ಅವಳ ಕೈಗೆ ಕೊಡುವ ಕೆಲಸ ನಿಧಾನವಾಗಿ ಶುರುವಾಗುತ್ತದೆ. ಮೊದಲು ಬರೀ ನೋಡುವುದು, ಆಮೇಲೆ ಅಂಗಿ ಬದಲಿಸುವುದು, ಎಣ್ಣೆ ಹಚ್ಚುವುದು, ಹಾಲೂಡಿಸುವುದು, ಒಂದು ದಿನ ತಾನಾಗಿ ಜೋಗುಳ ಗುನುಗುವುದು.

ಐದು ಹಾಸಿಗೆಯ ಈ ವಾರ್ಡಿನ ತತ್ತ್ವ ಕಾನೂನಿನಲ್ಲೂ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಮನೋಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ಮನೋವೈದ್ಯರಿಗೆ ಮನವರಿಕೆಯಾದರೆ ತಾತ್ಕಾಲಿಕವಾಗಿ ಬೇರೆ ಇರಿಸಬಹುದು, ಆದರೆ ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಕಾಯ್ದೆ ಇಷ್ಟು ಸ್ಪಷ್ಟವಾಗಿದ್ದರೂ ತಾಯಿಯ ಜೊತೆ ತೊಟ್ಟಿಲಿಗೆ ಜಾಗವಿರುವ ಮನೋರೋಗ ವಾರ್ಡುಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಕಲಬುರಗಿಯ ತಾಯಿಯೊಬ್ಬಳು ಹಸುಗೂಸನ್ನು ಕಟ್ಟಿಕೊಂಡು ಬೆಂಗಳೂರಿನವರೆಗೆ ಬರಬೇಕಾದ ಸ್ಥಿತಿ ಇರುವತನಕ ಆ ಕಲಮು ಅವಳ ಪಾಲಿಗೆ ಕಾಗದದ ಮೇಲಿನದೇ.

ಔಷಧದ ಮಾತಿಗೆ ಬಂದರೆ ಎರಡು ಹೆದರಿಕೆಗಳು ಎದುರುಬದುರಾಗಿ ನಿಲ್ಲುತ್ತವೆ. ಬಸಿರು ನಿಂತಿತು ಎಂದು ತಿಳಿದ ದಿನವೇ ಮನೋರೋಗದ ಗುಳಿಗೆಗಳನ್ನೆಲ್ಲ ಎಸೆಯುವವರು ಬಹಳ. ಮಗುವಿಗೆ ಏನಾದರೂ ಆದರೆ ಎಂಬ ಭಯ ಸಹಜ. ಆದರೆ ಗುಳಿಗೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಉನ್ಮಾದ, ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯಿದ್ದ 89 ಗರ್ಭಿಣಿಯರ ಮೇಲೆ ಅಮೆರಿಕದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ನಿಲ್ಲಿಸಿದವರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿಗೆ ಬಸಿರಿನಲ್ಲೇ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ 37. ಮರುಕಳಿಸಿದ ಕಾಯಿಲೆಯೂ ಮಗುವಿಗೆ ಕೇಡೇ: ಊಟವಿಲ್ಲ, ತಪಾಸಣೆಯಿಲ್ಲ, ನಿದ್ದೆಯಿಲ್ಲ.

ಹಾಗೆಂದು ಎಲ್ಲ ಔಷಧವೂ ಒಂದೇ ಅಲ್ಲ. ವಾಲ್‌ಪ್ರೊಯೇಟ್ ಎಂಬ ಔಷಧ ಬಸಿರಿನಲ್ಲಿ ಕೂಡದು. ಅದನ್ನು ನುಂಗಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಅಂಗವೈಕಲ್ಯ, ಇನ್ನೂ ಹೆಚ್ಚು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಬರುತ್ತದೆ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕನೆಯ ವಾರದೊಳಗೆ. ಮುಟ್ಟು ತಪ್ಪಿತೆಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಲಿಥಿಯಮ್ ಅಷ್ಟು ಅಪಾಯದ್ದಲ್ಲ. ಮಗುವಿನ ಹೃದಯದ ದೋಷದ ಸಂಭವ ನೂರಕ್ಕೆ ಒಂದರಿಂದ ಎರಡೂವರೆಗೆ ಏರುತ್ತದೆ, ಹೆಚ್ಚು ಡೋಸಿಗೆ ಹೆಚ್ಚು ಎಂದು 2017ರಲ್ಲಿ 13 ಲಕ್ಷ ಬಸಿರುಗಳ ದಾಖಲೆ ನೋಡಿದ ಸಂಶೋಧಕರು ಹೇಳಿದ್ದಾರೆ. ಖಿನ್ನತೆಗೆ ಕೊಡುವ ಸರ್ಟ್ರಲೀನ್ ಎದೆಹಾಲಿಗೆ ಇಳಿಯುವುದು ತೀರ ಅತ್ಯಲ್ಪ. ಅದನ್ನು ನುಂಗುತ್ತ ಹಾಲೂಡಿಸಬಹುದು. ಅಮೆರಿಕದಲ್ಲಿ 2023ರಲ್ಲಿ ಪ್ರಸವಾನಂತರದ ಖಿನ್ನತೆಗೆಂದೇ ಜುರಾನೊಲೋನ್ ಎಂಬ 14 ದಿನಗಳ ಗುಳಿಗೆಗೆ ಒಪ್ಪಿಗೆ ಸಿಕ್ಕಿದೆ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ತಾಯಂದಿರಿಗೆ ಬೇಕಾದದ್ದು ಹಳೆಯ, ಅಗ್ಗದ ಗುಳಿಗೆಯನ್ನು ಧೈರ್ಯವಾಗಿ ಬರೆದುಕೊಡುವ ವೈದ್ಯರು.

ಈ ಆಯ್ಕೆಗಳ ಮಾತು ನಡೆಯಬೇಕಾದದ್ದು ಬಸಿರಿಗೆ ಮೊದಲು, ನಿಜವಾಗಿ ನೋಡಿದರೆ ಮದುವೆಗೂ ಮೊದಲು. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯ ಹಿಂದಿರುವ ನೋವು ಮನೋವೈದ್ಯರ ಕೋಣೆಯಲ್ಲಿ ದಿನವೂ ಕಾಣುತ್ತದೆ. ಮಗಳ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಗಂಡನ ಮನೆಯಲ್ಲಿ ಗುಳಿಗೆ ಕಂಡರೆ ಕಷ್ಟವೆಂದು ಧಾರೆಯ ದಿನವೇ ನಿಲ್ಲಿಸಲು ಹೇಳುತ್ತಾರೆ. ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹೆರಿಗೆಯ ಐದನೆಯ ದಿನ ಕಾಯಿಲೆ ಸಿಡಿದಾಗ ಅತ್ತೆಮನೆಯವರು ಮೋಸ ಎನ್ನುತ್ತಾರೆ, ಅವಳನ್ನು ತವರಿಗೆ ಕಳಿಸುತ್ತಾರೆ, ಮಗುವನ್ನು ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟವರೂ ಕೆಟ್ಟವರಲ್ಲ, ಕಳಿಸಿದವರೂ ಎಲ್ಲರೂ ಕೆಟ್ಟವರಲ್ಲ. ನಡುವೆ ನಲುಗುವುದು ಅವಳು.

ಸಾವಿನ ಲೆಕ್ಕವನ್ನೂ ಹೇಳದೆ ಮುಂದೆ ಹೋಗುವಂತಿಲ್ಲ. ಬ್ರಿಟನ್ನಿನಲ್ಲಿ ಪ್ರತಿಯೊಂದು ತಾಯಿ ಮರಣವನ್ನೂ ಕೂಲಂಕಷವಾಗಿ ತನಿಖೆ ಮಾಡುತ್ತಾರೆ. ಹೆರಿಗೆಯ ಆರು ವಾರದ ನಂತರದಿಂದ ಒಂದು ವರ್ಷದವರೆಗಿನ ನೇರ ಸಾವುಗಳಿಗೆ ಆತ್ಮಹತ್ಯೆಯೇ ಅಲ್ಲಿ ಮೊದಲ ಕಾರಣ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಬಸಿರು ಬಾಣಂತನದ ಆತ್ಮಹತ್ಯೆಯನ್ನು ತಾಯಿ ಮರಣದ ನೇರ ಕಾರಣಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಹೆರಿಗೆಯಾಗಿ ಏಳು ತಿಂಗಳಿಗೆ ಬಾವಿಗೆ ಬಿದ್ದವಳ ಸಾವು ಪೊಲೀಸ್ ಠಾಣೆಯ ಪುಸ್ತಕಕ್ಕೆ ಸೇರುತ್ತದೆ. ಆರೋಗ್ಯ ಇಲಾಖೆಯ ತಾಯಿ ಮರಣದ ಲೆಕ್ಕ 42ನೆಯ ದಿನಕ್ಕೇ ಮುಗಿದಿರುತ್ತದೆ. ಮನಸ್ಸಿನ ಕಷ್ಟದಲ್ಲಿರುವವರು, ಅವರ ಮನೆಯವರು ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಉಚಿತ ದೂರವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, 14416. ಆಸ್ಪತ್ರೆಯಿಂದ ಬಾಣಂತಿಯನ್ನು ಕಳಿಸುವಾಗ ಚುಚ್ಚುಮದ್ದಿನ ದಿನಾಂಕದ ಕೆಳಗೆ ಈ ಐದು ಅಂಕಿಗಳನ್ನು ಬರೆದುಕೊಡಲು ಖರ್ಚೇನೂ ಇಲ್ಲ.

ಸನ್ನಿ ಬಂದು ಹೋದವರ ಮುಂದಿನ ಬದುಕು ಹೇಗೆ? ಇಲ್ಲಿ ಸುದ್ದಿ ಒಳ್ಳೆಯದಿದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನ ತಾಯಿ–ಮಗು ಘಟಕದಲ್ಲಿ ಒಂದೇ ಕ್ರಮದ ಚಿಕಿತ್ಸೆ ಪಡೆದ 64 ತಾಯಂದಿರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಪೂರ್ತಿ ಗುಣವಾದರು. ಇಷ್ಟು ಭೀಕರವಾಗಿ ಬಂದು ಇಷ್ಟು ಚೆನ್ನಾಗಿ ಗುಣವಾಗುವ ಮನೋರೋಗಗಳು ಹೆಚ್ಚಿಲ್ಲ. ಎರಡನೆಯ ಮಗುವಿನ ಆಸೆ ಬಂದಾಗ ಮಾತ್ರ ಭಯ ಮರಳುತ್ತದೆ, ಮರಳಬೇಕಾದದ್ದೇ. ಒಮ್ಮೆ ಬಂದವಳಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಹತ್ತಿರ ಹತ್ತಿರ ಅರ್ಧ. ಅದೇ ರಾಟರ್‌ಡ್ಯಾಮ್‌ನ ವೈದ್ಯರು, ಹಿಂದಿನ ಹೆರಿಗೆಯಲ್ಲಿ ಮಾತ್ರ ಕಾಯಿಲೆಯಾಗಿ ನಂತರ ಪೂರ್ತಿ ಚೆನ್ನಾಗಿದ್ದ 29 ಹೆಣ್ಣುಮಕ್ಕಳ ಮುಂದಿನ ಹೆರಿಗೆಯನ್ನು ಗಮನಿಸಿ 2012ರಲ್ಲಿ ಬರೆದರು. ಇವರಿಗೆ ಬಸಿರಿನುದ್ದಕ್ಕೂ ಔಷಧ ಬೇಕಿರಲಿಲ್ಲ. 20 ಮಂದಿ ಹೆರಿಗೆಯಾದ ಕೂಡಲೇ ಲಿಥಿಯಮ್ ಶುರುಮಾಡಿದರು. ಅವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. 9 ಮಂದಿ ಬೇಡವೆಂದರು. ಅವರಲ್ಲಿ 4 ಮಂದಿಗೆ ಮರುಕಳಿಸಿತು.

ಮನುಷ್ಯನಿಗೆ ಬರುವ ಮನೋರೋಗಗಳಲ್ಲಿ ಯಾವಾಗ ಬಂದೀತು ಎಂದು ಹೆಚ್ಚುಕಡಿಮೆ ದಿನ ಗುರುತು ಹಾಕಿ ಹೇಳಬಹುದಾದದ್ದು ಇದೊಂದೇ ಇರಬೇಕು. ಅದಕ್ಕಾಗಿಯೇ ತಾಯಿ–ಮಗು ಘಟಕದ ವೈದ್ಯರು ಇಂಥ ಗರ್ಭಿಣಿಯನ್ನು ಏಳನೆಯ ತಿಂಗಳ ಹೊತ್ತಿಗೆ ಗಂಡ, ಅಮ್ಮ, ಅತ್ತೆಯೊಂದಿಗೆ ಕೂರಿಸಿಕೊಂಡು ಒಂದು ಹಾಳೆ ಬರೆಯುತ್ತಾರೆ. ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಅಲ್ಲಿನ ವೈದ್ಯರಿಗೆ ವಿಷಯ ಗೊತ್ತೇ. ಹೆರಿಗೆಯಾದ ಎಷ್ಟು ಹೊತ್ತಿಗೆ ಯಾವ ಗುಳಿಗೆ. ಮೊದಲ ಎರಡು ವಾರ ರಾತ್ರಿ ಮಗುವಿಗೆ ಹಾಲು ಕುಡಿಸುವವರು ಯಾರು, ಅವಳಿಗೆ ಬಿಡುವಿಲ್ಲದ ಐದಾರು ಗಂಟೆ ನಿದ್ದೆ ಸಿಗುವುದು ಹೇಗೆ. ಹೋದ ಸಲ ಮೊದಲು ಕಂಡ ಬದಲಾವಣೆ ಏನು: ಮಾತು ಜಾಸ್ತಿಯಾಯಿತೇ, ಪಾತ್ರೆಗಳನ್ನು ಮತ್ತೆ ಮತ್ತೆ ತೊಳೆದಳೇ, ಯಾರನ್ನು ಕಂಡು ಹೆದರಿದಳು. ಅದು ಮತ್ತೆ ಕಂಡರೆ ಎಷ್ಟು ಹೊತ್ತಾದರೂ ಸರಿ, ಯಾವ ನಂಬರಿಗೆ ಫೋನ್ ಮಾಡಬೇಕು, ಯಾರ ಗಾಡಿಯಲ್ಲಿ ಹೊರಡಬೇಕು. ಹಾಳೆಯ ಒಂದು ಪ್ರತಿ ತಾಯಿ ಕಾರ್ಡಿನೊಳಗೆ ಮಡಚಿಟ್ಟಿರುತ್ತದೆ. ಇನ್ನೊಂದು ಅಮ್ಮನ ಕೈಯಲ್ಲಿ, ಮೂರನೆಯದು ಅತ್ತೆಯ ಕೈಯಲ್ಲಿ.